ನಾನು ಕೊಟ್ಟ ಹೃದಯದ ಕಾಯಿಲೆ

ಭಾವ, ನಿಮಗೆ ಹಾರ್ಟ್ ಅಟ್ಯಾಕ್ ಆಗಿರಲೇ ಇಲ್ಲ.

ಈ ಒಂದು ಮಾತನ್ನು ನುಂಗಿಕೊಂಡು ಇಷ್ಟು ವರ್ಷ ನಿಮ್ಮ ಮನೆಗೆ ಬಂದಿದ್ದೇನೆ, ನಿಮ್ಮ ಪಂಕ್ತಿಯಲ್ಲಿ ಕೂತು ಉಂಡಿದ್ದೇನೆ, ಹಬ್ಬಕ್ಕೆ ಶಾರದಕ್ಕ ಕೊಟ್ಟ ಸೀರೆಗಳನ್ನು ಉಟ್ಟಿದ್ದೇನೆ. ಹರಿಹರದ ಮನೆಯಲ್ಲಿ ಆ ಭಾನುವಾರ ನೀವು ಎದೆ ಹಿಡಿದುಕೊಂಡು ಕುಸಿದದ್ದು ನಿಮ್ಮ ಹೃದಯದ ತಪ್ಪಿನಿಂದಲ್ಲ, ನಾನು ನಿಮ್ಮ ತೋಳಿಗೆ ಚುಚ್ಚಿದ ಔಷಧದಿಂದ. ಅದು ನನಗೆ ಆ ಗಳಿಗೆಯಲ್ಲೇ ಗೊತ್ತಿತ್ತು. ತಡವಾಗಿ ಹೊಳೆಯಿತು, ಓದಿದ ಮೇಲೆ ತಿಳಿಯಿತು — ಹಾಗೆ ಹೇಳಿಕೊಳ್ಳುವ ದಾರಿಯೂ ನನಗಿಲ್ಲ. ಗೊತ್ತಿದ್ದೂ ಸುಮ್ಮನಿದ್ದೆ. ಸುಮ್ಮನಿದ್ದದ್ದಷ್ಟೇ ಅಲ್ಲ, ಕೇಳಿದವರಿಗೆಲ್ಲ ಇಲ್ಲ ಎಂದೆ.

ಹೋದ ತಿಂಗಳು ನೀವು ಫೋನ್ ಮಾಡಿದಿರಲ್ಲ. ದಾವಣಗೆರೆಯ ಪಿ.ಜೆ. ಬಡಾವಣೆಯ ನಿಮ್ಮ ಹಾರ್ಟ್ ಡಾಕ್ಟರು ಕೊಲೆಸ್ಟರಾಲಿಗೆ ಹೊಸದೊಂದು ಇಂಜೆಕ್ಷನ್ ಹೇಳಿದ್ದಾರೆ, ಆರು ತಿಂಗಳಿಗೊಮ್ಮೆ ತೆಗೆದುಕೊಂಡರೆ ಸಾಕಂತೆ ಎಂದಿರಿ. ನಿಮ್ಮ ದನಿಯಲ್ಲಿ ಸಂಭ್ರಮವಿತ್ತು.

"ಅದೇನೋ ಆರ್‌ಎನ್‌ಎ ಅಂದ್ರವ್ವ. ನೀ ಆಗ ಕಾಲೇಜಿನಾಗೆ ಮಾಡ್ತಿದ್ದಿ ನೋಡು, ಅದೇ ಜಾತೀದಂತೆ. ಕಡೀಗೂ ಬಂತಲ್ಲ ವನಜ, ನಿನ್ ಔಷಧ!" ಎಂದು ನಕ್ಕಿರಿ. ಆಮೇಲೆ ದನಿ ತಗ್ಗಿಸಿ, "ನನ್ ಹಾರ್ಟು ಅದನ್ನ ತಡೀತೈತಾ? ನೀ ತಗೋರಿ ಅಂದ್ರೆ ತಗೋತೀನಿ" ಎಂದಿರಿ.

ನೋಡಿ ಹೇಳುತ್ತೇನೆ ಭಾವ ಎಂದು ಫೋನ್ ಇಟ್ಟುಬಿಟ್ಟೆ. ಅವತ್ತಿನಿಂದ ನಿದ್ದೆ ಸರಿಯಿಲ್ಲ. ಹಿಂದೊಮ್ಮೆಯೂ ನೀವು ಹೀಗೇ ಕೇಳಿದ್ದಿರಿ, ನಾನು ಹೇಳಿದ್ದನ್ನು ನಂಬಿದ್ದಿರಿ...

ಅದಕ್ಕೇ ಮೊದಲಿನಿಂದ ಹೇಳುತ್ತೇನೆ. ನಿಮಗೆ ಅರ್ಧ ಮಾತ್ರ ಗೊತ್ತಿದೆ.

ತೊಂಬತ್ತರ ದಶಕದ ಕೊನೆ. ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ನಾನು ನಿಟ್ಟುವಳ್ಳಿಯಲ್ಲಿ ಒಂದು ಕೋಣೆ ಹಿಡಿದುಕೊಂಡು ಔಷಧ ವಿಜ್ಞಾನದ ಕಾಲೇಜಿನಲ್ಲಿ ಸಂಶೋಧನೆಗೆ ಸೇರಿದ್ದೆ. ನಮ್ಮ ಸರ್ ಹೊರದೇಶದಲ್ಲಿ ಕೆಲವು ವರ್ಷ ಇದ್ದು ಬಂದವರು. ಅಲ್ಲಿನ ಅವರ ಸ್ನೇಹಿತರೊಬ್ಬರು ಸಣ್ಣ ಸೀಸೆಗಳಲ್ಲಿ ಬಿಳಿ ಪುಡಿ ಕಳಿಸುತ್ತಿದ್ದರು. ಬರಿಗಣ್ಣಿಗೆ ಸೀಸೆಯ ತಳಕ್ಕೆ ಹತ್ತಿದ ಧೂಳಿನಂತೆ ಕಾಣುತ್ತಿತ್ತು. ಅದು ಮನುಷ್ಯರು ಕಟ್ಟಿದ ಆರ್‌ಎನ್‌ಎ ಎಳೆ.

ನಿಮಗೆ ಅದನ್ನು ಆಗ ಹೀಗೆ ವಿವರಿಸಿದ್ದೆ, ನೆನಪಿದೆಯೇ? ಕಾಮಾಲೆಯ ವೈರಸ್ಸು ಯಕೃತ್ತಿನ ಜೀವಕೋಶದೊಳಗೆ ಕೂತು ತನ್ನಂಥದ್ದನ್ನೇ ಇನ್ನಷ್ಟು ಮಾಡು ಎಂದು ಆಜ್ಞೆ ಕೊಡುತ್ತದೆ. ಆ ಆಜ್ಞೆ ಇರುವುದೂ ಆರ್‌ಎನ್‌ಎ ರೂಪದಲ್ಲೇ. ನಮ್ಮ ಎಳೆ ಹೋಗಿ ಆ ಆಜ್ಞೆಗೆ ಅಂಟಿಕೊಂಡರೆ ಅದನ್ನು ಯಾರೂ ಓದಲಾರರು, ವೈರಸ್ಸಿನ ಮಾತು ನಡೆಯುವುದಿಲ್ಲ. ಕೇಳಲು ಎಷ್ಟು ಸುಲಭ! ಕಷ್ಟವಿದ್ದದ್ದು ತಲುಪಿಸುವುದರಲ್ಲಿ. ಬರಿಯ ಎಳೆಯನ್ನು ರಕ್ತಕ್ಕೆ ಬಿಟ್ಟರೆ ಯಕೃತ್ತು ಮುಟ್ಟುವ ಮೊದಲೇ ರಕ್ತ ಅದನ್ನು ತುಂಡು ತುಂಡು ಮಾಡಿಬಿಡುತ್ತದೆ. ಹಾಗಾಗಿ ಅದಕ್ಕೊಂದು ಹೊದಿಕೆ ಬೇಕು. ಕೊಬ್ಬಿನ, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಯೊಳಗೆ ಎಳೆಯನ್ನು ಸುತ್ತಿ ಕಳಿಸಬೇಕು. ಆ ಹೊದಿಕೆ ಮಾಡುವುದೇ ನನ್ನ ಕೆಲಸವಾಗಿತ್ತು. "ಮದ್ದನ್ನ ಯಾರು ಬೇಕಾದ್ರೂ ಮಾಡ್ತಾರೆ ಕಣಮ್ಮ. ಮುಟ್ಟಿಸೋರು ಯಾರು, ಅವರೇ ಗೆದ್ದಂಗೆ" ಎನ್ನುತ್ತಿದ್ದರು ಸರ್.

ನಿಮಗೆ ಹೇಳದೆ ಬಿಟ್ಟ ಅರ್ಧ ಇಲ್ಲಿಂದ ಶುರುವಾಗುತ್ತದೆ.

ಎಳೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಲು ಆ ಕೊಬ್ಬಿಗೆ ಒಂದು ವಿದ್ಯುತ್ ಗುಣವಿರಬೇಕು. ಅದೇ ಗುಣದಿಂದ ಅದು ರಕ್ತದಲ್ಲಿ ಸಿಕ್ಕಿದ್ದಕ್ಕೆಲ್ಲ ಅಂಟುತ್ತದೆ, ಮೈಯನ್ನು ಕೆರಳಿಸುತ್ತದೆ. ಎಳೆಗಿಂತ ಹೊದಿಕೆಯೇ ಅಪಾಯ. ನಾನದನ್ನು ಕಾಲೇಜಿನ ಹಿಂದಿನ ಶೆಡ್ಡಿನಲ್ಲಿ ಕಣ್ಣಾರೆ ಕಂಡೆ. ಬೂದು ಬಣ್ಣದ ದೊಡ್ಡ ಮೊಲ ಅದು. ಅದರ ಕಿವಿಯ ನಾಳಕ್ಕೆ ಔಷಧ ಬಿಟ್ಟು ಸೂಜಿ ತೆಗೆಯುವಷ್ಟರಲ್ಲಿ ಕುತ್ತಿಗೆಯನ್ನು ಹಿಂದಕ್ಕೆ ಎಳೆದುಕೊಂಡಿತು. ಬಾಯಿ ತೆರೆದು ಉಸಿರಿಗೆ ಒದ್ದಾಡಿತು. ಗುಲಾಬಿ ಬಣ್ಣದ ಕಿವಿ ನೋಡುತ್ತಿದ್ದಂತೆ ನೀಲಿಗೆ ತಿರುಗಿತು. ನನ್ನ ಅಂಗೈ ಕೆಳಗೆ ಅದರ ಎದೆ ಡವಡವ ಹೊಡೆದುಕೊಂಡು ನಿಂತುಹೋಯಿತು.

ಇನ್ನೊಂದಕ್ಕೂ ಹಾಗೇ ಆಯಿತು. ಮತ್ತೊಂದು ಒದ್ದಾಡಿ, ಹೇಗೋ ಉಳಿಯಿತು. ಆಮೇಲೆ ಒಂದು ಸಂಗತಿ ಗಮನಿಸಿದೆ. ತೀರಾ ನಿಧಾನವಾಗಿ ಬಿಟ್ಟರೆ ಏನೂ ಆಗುತ್ತಿರಲಿಲ್ಲ, ಬೇಗ ಒತ್ತಿದರೆ ಆಗುತ್ತಿತ್ತು. ಕಲಿಯಬೇಕಾದದ್ದೆಲ್ಲ ಅಷ್ಟರಲ್ಲೇ ಇತ್ತು. ಅದನ್ನು ಸರ್‌ಗೆ ಹೇಳಿದ್ದರೆ...

ಹೇಳಲಿಲ್ಲ. ಸತ್ತ ಮೊಲ ನೋಡಿ ಅವರು ಏನಾಯಿತು ಎಂದಾಗ, "ಸಿರಿಂಜಿನಾಗೆ ಗಾಳಿ ಉಳಿದಿತ್ತು ಅನ್ಸುತ್ತೆ ಸರ್, ನನ್ನ ಕೈ ತಪ್ಪು" ಎಂದೆ. ಕೈ ತಪ್ಪಿತು ಎಂದು ಒಪ್ಪಿಕೊಳ್ಳುವುದು ಸುಲಭವಿತ್ತು, ಬೈಸಿಕೊಂಡರೆ ಮುಗಿಯುತ್ತಿತ್ತು. ಹೊದಿಕೆಯೇ ತಪ್ಪು ಎಂದರೆ ನನ್ನ ಅಷ್ಟು ವರ್ಷದ ಕೆಲಸ ಮಣ್ಣು. ಮದುವೆ ಬೇಡವೆಂದು ಅಪ್ಪನ ಎದುರು ಜಗಳವಾಡಿ ಓದಲು ಬಂದವಳು ನಾನು. ಬರಿಗೈಯಲ್ಲಿ ಮನೆಗೆ ಹೋಗುವುದೆಂದರೆ ನನಗೆ ಸಾವಿನಷ್ಟು ಭಯ. ಸರ್‌ಗೂ ಗಾಳಿಯ ಮಾತು ನಂಬುವುದೇ ಹಿತವಾಗಿತ್ತೋ ಏನೋ, ಮತ್ತೆ ಕೆದಕಲಿಲ್ಲ.

ನಿಮ್ಮ ಕಥೆ ಇದೇ ಹೊತ್ತಿಗೆ ಶುರುವಾಯಿತು. ನಿಮ್ಮ ಫ್ಯಾಕ್ಟರಿಯಲ್ಲಿ ರಕ್ತದಾನದ ಶಿಬಿರ ಇಟ್ಟಿದ್ದರು. ಎಲ್ಲರಿಗಿಂತ ಮುಂದೆ ನಿಂತು ರಕ್ತ ಕೊಟ್ಟವರು ನೀವು. ನಾಲ್ಕು ದಿನಕ್ಕೆ ಕರೆದು, ನಿಮ್ಮ ರಕ್ತದಲ್ಲಿ ಹೆಪಟೈಟಿಸ್ ಬಿ, ಅದೇ ಕಾಮಾಲೆಯ ವೈರಸ್ಸು, ಇದೆ ಎಂದರು. ಕಾಯಿಲೆ ಎಂದರೆ ಏನೆಂದೇ ಗೊತ್ತಿರದ ಮನುಷ್ಯ. ಬೆಳಗ್ಗೆ ತುಂಗಭದ್ರೆಯಲ್ಲಿ ಈ ದಡದಿಂದ ಆ ದಡಕ್ಕೆ ಈಜಿ ಬಂದು ಆಮೇಲೆ ಪಾಳಿಗೆ ಹೋಗುತ್ತಿದ್ದವರು. ಲೇತ್ ಮಷಿನ್ನಿನ ಕಬ್ಬಿಣವನ್ನು ಇನ್ನೊಬ್ಬರು ಬರಲಿ ಎಂದು ಕಾಯದೆ ಎತ್ತುತ್ತಿದ್ದವರು. ನಿಮ್ಮ ಅಣ್ಣ ಯಕೃತ್ತು ಕೆಟ್ಟು, ಹೊಟ್ಟೆಯಲ್ಲಿ ನೀರು ತುಂಬಿಕೊಂಡು ತೀರಿಹೋದದ್ದನ್ನು ನೀವು ಹತ್ತಿರದಿಂದ ನೋಡಿದ್ದಿರಿ. ಹರಿಹರದ ಡಾಕ್ಟರು ಸದ್ಯಕ್ಕೆ ಔಷಧವೇನೂ ಬೇಡ, ನೋಡುತ್ತ ಇರೋಣ ಎಂದಾಗ ನಿಮಗೆ ಅದು ಕೈಬಿಟ್ಟ ಮಾತಿನಂತೆ ಕೇಳಿಸಿತು.

"ನಿನ್ ಔಷಧ ಇದಕ್ಕೇ ಅಲ್ಲೇನವ್ವ? ನನಗ ಹಾಕಿ ನೋಡು" ಎಂದಿರಿ ಒಂದು ಸಲ. ನಾನು ಗಾಬರಿಯಿಂದ, ಅದು ಇನ್ನೂ ಮನುಷ್ಯರಿಗಲ್ಲ ಭಾವ ಎಂದೆ. ನೀವು ಅಲ್ಲಿಗೇ ಬಿಟ್ಟಿರಿ.

ಈಗ ಹೇಳುವುದನ್ನು ಗಮನವಿಟ್ಟು ಕೇಳಿ. ಎರಡನೆಯ ಸಲ ಮಾತು ತೆಗೆದದ್ದು ನೀವಲ್ಲ, ನಾನು. ಹಟ ಹಿಡಿದವರು ನೀವೇ ಎಂದು ಇವತ್ತಿಗೂ ನಂಬಿದ್ದೀರಿ. ನಾನು ನಿಮ್ಮನ್ನು ಹಾಗೆ ನಂಬಲು ಬಿಟ್ಟೆ. ನಿಮ್ಮ ಮೇಲಿನ ಮರುಕದಿಂದ ಕೇಳಿದೆನೇ? ಇರಬಹುದು, ಅದೂ ಇತ್ತು. ಆದರೆ ಮರುಕದ ಅಡಿಯಲ್ಲಿ ಇನ್ನೊಂದು ಆಸೆ — ಇದು ಮನುಷ್ಯನ ಯಕೃತ್ತನ್ನು ಮುಟ್ಟುತ್ತದೆಯೇ? ಮುಟ್ಟಿದರೆ ಮೊದಲು ಕಂಡವಳು ನಾನು... ಬರೆಯಲು ಕೈ ಹಿಂಜರಿಯುತ್ತಿದೆ, ಆದರೂ ಬರೆಯುತ್ತೇನೆ. ನನಗೆ ಅವತ್ತು ನೀವು ಭಾವ ಆಗಿದ್ದಿರಿ, ಜೊತೆಗೆ ಸಿಕ್ಕಿದ ಒಂದು ಮೈಯೂ ಆಗಿದ್ದಿರಿ.

ನೀವು ಒಂದೇ ಪ್ರಶ್ನೆ ಕೇಳಿದಿರಿ. "ಪ್ರಾಣಿಗಳಿಗೆ ಹಾಕಿ ನೋಡೀರಲ್ಲ? ಏನೂ ಆಗಿಲ್ಲ ಹೌದಿಲ್ಲೋ?"

"ಏನೂ ಆಗಿಲ್ಲ ಭಾವ."

ಆ ಭಾನುವಾರ ಅಕ್ಕ ಮಗಳು ರೂಪಾಳನ್ನು ಕರೆದುಕೊಂಡು ರಾಣೆಬೆನ್ನೂರಿಗೆ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದಳು. ಅವಳು ಇಲ್ಲದ ದಿನವನ್ನು ಆರಿಸಿದ್ದೂ ನಾನೇ. ದಾವಣಗೆರೆ ಪಕ್ಕದ ಕರೂರಿನ ಐಸ್ ಫ್ಯಾಕ್ಟರಿಯಿಂದ ಬರ್ಫದ ಚೂರು ತಂದು, ಥರ್ಮಾಸ್ ಫ್ಲಾಸ್ಕಿಗೆ ತುಂಬಿ, ಅದರ ನಡುವೆ ಸೀಸೆ ಇಟ್ಟುಕೊಂಡು ಹರಿಹರದ ಬಸ್ಸು ಹತ್ತಿದೆ. ಸರ್‌ಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಬಸ್ಸು ಕುಲುಕಿದಾಗಲೆಲ್ಲ ಫ್ಲಾಸ್ಕನ್ನು ಎದೆಗೆ ಒತ್ತಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತ ಹೆಂಗಸು ಆಸ್ಪತ್ರೆಗೆ ಗಂಜಿ ಒಯ್ಯುತ್ತಿದ್ದೀಯೇನವ್ವ ಎಂದು ಕೇಳಿದಳು. ಹೌದು ಎಂದೆ.

ನೀವು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಪೂಜೆಗೆ ಕೂತವರಂತೆ ಚಾಪೆಯ ಮೇಲೆ ಕೂತಿದ್ದಿರಿ. ತೋಳು ಚಾಚಿದಿರಿ. ನಾನು ನಿಧಾನವಾಗಿ ಬಿಡತೊಡಗಿದೆ. ನಿಧಾನ, ನಿಧಾನ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಅರ್ಧದಷ್ಟು ಹೋಗಿತ್ತು. ನೀವು ಆರಾಮಾಗಿದ್ದಿರಿ, ರೂಪಾಳ ಶಾಲೆಯ ಬಗ್ಗೆ ಏನೋ ಹೇಳುತ್ತಿದ್ದಿರಿ.

ಆಗ ಗೇಟಿನ ಚಿಲಕ ಸದ್ದಾಯಿತು.

"ಶಾರದಾ, ಒಂಚೂರು ಹೆಪ್ಪು ಕೊಡೇ" ಎನ್ನುತ್ತ ಪಕ್ಕದ ಮನೆಯ ಗಂಗಮ್ಮ ಅಂಗಳಕ್ಕೆ ಬಂದರು. ಅಷ್ಟೇ ಭಾವ. ಒಬ್ಬ ಮುದುಕಿ, ಕೈಯಲ್ಲೊಂದು ಲೋಟ. ಸೂಜಿ ತೆಗೆದು ಎದ್ದುಬಿಡಬಹುದಿತ್ತು. ಡಾಕ್ಟರು ಹೇಳಿದ ಇಂಜೆಕ್ಷನ್ ಎಂದು ಏನಾದರೊಂದು ಹೇಳಬಹುದಿತ್ತು. ನನ್ನ ತಲೆಯಲ್ಲಿ ಓಡಿದ್ದು ಒಂದೇ — ಕಾಣುತ್ತಾರೆ, ಕೇಳುತ್ತಾರೆ, ಊರಿಗೆ ಹೇಳುತ್ತಾರೆ, ಸರ್‌ಗೆ ಗೊತ್ತಾಗುತ್ತದೆ. ಹೆಬ್ಬೆರಳು ಒತ್ತಿಬಿಟ್ಟಿತು. ಉಳಿದ ಅರ್ಧವನ್ನೂ ಒಂದೇ ಉಸಿರಿಗೆ ಒಳಗೆ ತಳ್ಳಿದೆ.

ಬೇಗ ಒತ್ತಿದರೆ ಏನಾಗುತ್ತದೆ ಎಂದು ಲೋಕದಲ್ಲಿ ಬೇರೆ ಯಾರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿತ್ತು.

ಗಂಗಮ್ಮ ಇನ್ನೂ ಹೊಸ್ತಿಲು ದಾಟಿರಲಿಲ್ಲ. ನಿಮ್ಮ ಮುಖ ಕೆಂಪಾಯಿತು. "ಬೆನ್ನು... ಬೆನ್ನು ಹಿಡೀತಲ್ಲೇ" ಎಂದಿರಿ. ಎದೆಯ ಮೇಲೆ ಕೈ ಇಟ್ಟುಕೊಂಡಿರಿ. ಕುತ್ತಿಗೆಯನ್ನು ಹಿಂದಕ್ಕೆ ಎಳೆದುಕೊಂಡಿರಿ. ನನಗೆ ಆ ಮೊಲ ಕಂಡಿತು. ತುಟಿ ನೀಲಿಯಾಗುತ್ತಿತ್ತು, ಗಂಟಲಿನಿಂದ ಸೀಟಿಯಂಥ ಸದ್ದು ಬರುತ್ತಿತ್ತು, ಅಷ್ಟು ದೊಡ್ಡ ಮನುಷ್ಯ ಪಕ್ಕಕ್ಕೆ ಒರಗಿ ಗೋಡೆಗೆ ತಲೆ ತಾಗಿಸಿಕೊಂಡಿರಿ. ನಾನು ಕಿರುಚಿಕೊಂಡೆ. ಲೋಟ ಬಿಸಾಕಿ ಗಂಗಮ್ಮ ಬೀದಿಗೆ ಓಡಿ ಆಟೋ ಕೂಗಿದರು. ಜನ ಬರುವಷ್ಟರಲ್ಲಿ ನಾನು ಸಿರಿಂಜನ್ನು ಫ್ಲಾಸ್ಕಿನೊಳಗೆ ತುರುಕಿ ಮುಚ್ಚಳ ತಿರುವಿದ್ದೆ. ನಿಮ್ಮ ಉಸಿರು ನಿಲ್ಲುವಂತಿದ್ದಾಗ ನನ್ನ ಕೈಗಳು ಮಾಡುತ್ತಿದ್ದ ಕೆಲಸ ಅದು.

ಆಟೋದಲ್ಲಿ ನಿಮ್ಮ ತಲೆ ನನ್ನ ತೊಡೆಯ ಮೇಲಿತ್ತು. ತೋಳಿಗೆ ಅಂಟಿಸಿದ್ದ ಹತ್ತಿಯನ್ನು ಕಿತ್ತು ರಸ್ತೆಗೆ ಎಸೆದೆ. ನಿಮ್ಮ ಅಂಗಿಯ ತೋಳನ್ನು ಕೆಳಗೆ ಎಳೆದು ಗುಂಡಿ ಹಾಕಿದೆ.

ನರ್ಸಿಂಗ್ ಹೋಮಿನ ಡಾಕ್ಟರು ಊಟ ಅರ್ಧಕ್ಕೆ ಬಿಟ್ಟು ಬಂದಿದ್ದರು. ನಾಡಿ ಸಿಗುತ್ತಿಲ್ಲ ಎಂದರು. ಇಸಿಜಿ ಹಚ್ಚುತ್ತ ನನ್ನ ಕಡೆ ತಿರುಗಿ ಕೇಳಿದರು: "ಏನಾತಮ್ಮ? ಏನಾರ ಹೊಸಾ ಔಷಧ, ಇಂಜೆಕ್ಷನ್ ಗಿಂಜೆಕ್ಷನ್ ತಗೊಂಡಿದ್ರೇನು?"

ಮೇಜಿನ ಮೇಲೆ ಟ್ರೇ ಇತ್ತು. ಅದರಲ್ಲಿ ಅಡ್ರಿನಲಿನ್ ಇತ್ತು, ಔಷಧ ಒಗ್ಗದೆ ಹೀಗೆ ಕುಸಿದವರಿಗೆ ಕೊಡುವ ಮದ್ದು. ಹೆಸರು ಓದುವಷ್ಟು ಹತ್ತಿರದಲ್ಲಿ ನಿಂತಿದ್ದೆ ಭಾವ. ಹೌದು ಎಂದಿದ್ದರೆ ಅವರು ಅದನ್ನೇ ಎತ್ತಿಕೊಳ್ಳುತ್ತಿದ್ದರು. ಹೃದಯಾಘಾತ ಎಂದುಕೊಂಡವರು ಅದನ್ನು ಸುಲಭಕ್ಕೆ ಮುಟ್ಟುವುದಿಲ್ಲ.

"ಇಲ್ಲ ಸರ್. ಊಟ ಮಾಡಿ ಕೂತಿದ್ರು."

ನಿಮ್ಮ ಕಣ್ಣು ಅರ್ಧ ತೆರೆದಿತ್ತು. ನೀವು ಕೇಳಿಸಿಕೊಂಡಿರಾ ಇಲ್ಲವಾ — ಇದನ್ನು ನಾನು ಎಂದೂ ಕೇಳಿಲ್ಲ. ಕೇಳಲು ಧೈರ್ಯ ಬಂದಿಲ್ಲ.

ಇಸಿಜಿಯ ಗೆರೆ ಸರಿಯಿಲ್ಲ, ಅಟ್ಯಾಕೇ ಇದು ಎಂದರು ಡಾಕ್ಟರು. ಆಮ್ಲಜನಕ ಕೊಟ್ಟರು, ಗ್ಲೂಕೋಸ್ ಏರಿಸಿದರು, ಬಾಗಿಲು ಮುಂದೆ ಮಾಡಿದರು. ಹೊರಗಿನ ಬೆಂಚಿನ ಮೇಲೆ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಒಳಗೆ ಹೋಗಿ ಹೇಳಿಬಿಡು ಎಂದು ಕಾಲು ಏಳುತ್ತಿತ್ತು. ಹೇಳಿದರೆ ಪೊಲೀಸರು, ಜೈಲು, ಅಪ್ಪನ ಮುಖ ಎಂದು ಮತ್ತೆ ಕೂರುತ್ತಿತ್ತು. ಭಾವ ಸತ್ತರೆ ಏನು ಮಾಡಲಿ ಎಂದು ಅಳುತ್ತಿದ್ದೆ. ಸತ್ತರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆಯೂ ಒಂದು ಸಲ ಬಂತು. ಬಂತು. ಅದನ್ನೂ ಬರೆದಿಡುತ್ತೇನೆ.

ಇಂಥ ಕೆರಳಿಕೆ ಕೆಲವರಲ್ಲಿ ತಾನಾಗಿಯೇ ಇಳಿಯುತ್ತದೆ. ನಿಮ್ಮದು ಇಳಿಯಿತು. ನಾನು ಉಳಿಸಲಿಲ್ಲ, ಡಾಕ್ಟರೂ ಗೊತ್ತಿದ್ದು ಉಳಿಸಲಿಲ್ಲ. ನಿಮ್ಮ ಗಟ್ಟಿ ಮೈ ಉಳಿಸಿಕೊಂಡಿತು.

ಅಕ್ಕ ಸಂಜೆ ಬಂದಳು. ರೂಪಾಳನ್ನು ಗಂಗಮ್ಮನ ಬಳಿ ಬಿಟ್ಟು ಓಡಿ ಬಂದು ನನ್ನನ್ನು ತಬ್ಬಿಕೊಂಡಳು. "ನೀನೊಬ್ಬಾಕಿ ಇಲ್ದಿದ್ರೆ ನನ್ ಕುಂಕುಮ ಉಳೀತಿರ್ಲಿಲ್ಲ ಕಣೇ" ಎಂದಳು. ಇವತ್ತಿಗೂ ನೆಂಟರು ಕೂಡಿದಾಗ ಆ ಕಥೆ ಹೇಳುತ್ತಾಳೆ, ನನ್ನ ತಂಗಿ ಹೇಗೆ ಆಟೋದಲ್ಲಿ ಹಾಕಿಕೊಂಡು ಹೋಗಿ ಗಂಡನನ್ನು ಉಳಿಸಿದಳು ಎಂದು. ನಾನು ತಲೆ ತಗ್ಗಿಸಿ ಕೂತಿರುತ್ತೇನೆ. ನೋಡ್ರಿ, ಎಷ್ಟು ನಾಚಿಕೆ ಅದಕ್ಕೆ ಎನ್ನುತ್ತಾಳೆ.

ಮರುದಿನ ಹಾಸಿಗೆಯ ಮೇಲೆ ನೀವು ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದಿರಿ, ಅದು ಆ ಇಂಜೆಕ್ಷನ್ನಿಂದ ಆಯಿತೇ ಎಂದು. ಸತ್ಯಕ್ಕೆ ಅದಕ್ಕಿಂತ ದೊಡ್ಡ ಬಾಗಿಲು ಯಾರೂ ತೆರೆದುಕೊಡಲಾರರು. ನಾನು, "ಅಲ್ಲ ಭಾವ. ನಿಮ್ಮ ಹಾರ್ಟ್ ಮೊದಲಿಂದಲೇ ವೀಕ್ ಇತ್ತಂತೆ. ಯಾವತ್ತಾದ್ರೂ ಆಗೋದೇ ಇತ್ತಂತೆ" ಎಂದೆ.

ನೀವು ನಂಬಿದಿರಿ. ನಂಬಿ, ಏನೆಂದಿರಿ? "ಪಾಪ, ನಿನಗ ಎಷ್ಟು ಹೆದರ್ಸಿಬಿಟ್ಟೆ. ಇಂಜೆಕ್ಷನ್ ವಿಷಯ ನಿಮ್ಮಕ್ಕನ ಮುಂದ ಎತ್ತಬ್ಯಾಡ. ನಿನ್ ಮ್ಯಾಲೆ ಅಪವಾದ ಬರ್ತೈತೆ. ನಾನೂ ಹೇಳಲ್ಲ." ಈವರೆಗೆ ಹೇಳಿಲ್ಲ ನೀವು. ನನ್ನ ಕಳ್ಳತನಕ್ಕೆ ನಿಮ್ಮನ್ನೇ ಕಾವಲಿಗೆ ನಿಲ್ಲಿಸಿದೆ.

ಆಮೇಲಿನದ್ದು ನಿಮಗೆ ಗೊತ್ತಿರುವುದೇ. ಆದರೆ ಅದನ್ನು ನಾನು ಹೇಗೆ ನೋಡಿದೆ ಎಂಬುದು ಗೊತ್ತಿಲ್ಲ.

ನೀವು ಹೊಳೆಗೆ ಇಳಿಯುವುದನ್ನು ಬಿಟ್ಟಿರಿ. ಮಷಿನ್ ಬಿಟ್ಟು ಸ್ಟೋರಿನ ಕುರ್ಚಿಗೆ ಹೋದಿರಿ. ಜೊತೆಯವರು ನಿಮಗೆ ಊಟದ ಡಬ್ಬಿಯನ್ನೂ ಹೊರಲು ಬಿಡದೆ ತಾವೇ ಹೊರುತ್ತಿದ್ದರು. ರೂಪಾ ಓಡಿ ಬಂದು ಎತ್ತಿಕೋ ಎಂದು ಕೈ ಚಾಚಿದರೆ, "ಅಪ್ಪಗ ಆಗಲ್ಲ ಕೂಸೆ" ಎಂದು ಅಕ್ಕ ನಡುವೆ ಬರುತ್ತಿದ್ದಳು. ಅಪ್ಪನ ಎದುರು ಗಟ್ಟಿಯಾಗಿ ಅಳಬಾರದು, ಬಾಗಿಲು ದಬ್ಬೆಂದು ಹಾಕಬಾರದು ಎಂದು ಕಲಿತು ಬೆಳೆದ ಹುಡುಗಿ ಅದು. ಅಕ್ಕ ರಾತ್ರಿ ಎದ್ದೆದ್ದು ನಿಮ್ಮ ಮೂಗಿನ ಬಳಿ ಬೆರಳಿಟ್ಟು ನೋಡುತ್ತಿದ್ದಳು. ನನ್ನ ಬಳಿ ಮಾತ್ರ ಹೇಳಿಕೊಂಡದ್ದು.

ಇನ್ನೂ ಒಂದು ವಿಷಯವಿದೆ. ಅಕ್ಕನಿಗೆ ಎರಡನೆಯ ಮಗು ಬೇಕಿತ್ತು. ನೀವು ಒಪ್ಪಲಿಲ್ಲ. ನಾಳೆ ನಾನಿಲ್ಲದಿದ್ದರೆ ಎರಡು ಮಕ್ಕಳನ್ನು ಕಟ್ಟಿಕೊಂಡು ಇವಳೇನು ಮಾಡುತ್ತಾಳೆ ಎಂದಿರಂತೆ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತ ಅಕ್ಕ ಅದನ್ನು ಹೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಪಕ್ಕದಲ್ಲೇ ಕೂತಿದ್ದೆ. ಒಂದು ವಾಕ್ಯ ಸಾಕಿತ್ತು... ಅವಳ ಹಂಚಿನ ರೊಟ್ಟಿ ಸೀಯುತ್ತಿತ್ತು, ಅದನ್ನು ಮಗುಚಿ ಹಾಕಿದೆ. ಹುಟ್ಟದೇ ಉಳಿದ ಆ ಕೂಸಿನ ಲೆಕ್ಕ ಯಾರಿಗೆ ಒಪ್ಪಿಸಲಿ?

ಕಾಲೇಜಿನಲ್ಲೂ ಸುಳ್ಳು ಮುಂದುವರಿಯಿತು. ಉಳಿದ ಔಷಧವನ್ನು ಮೋರಿಗೆ ಚೆಲ್ಲಿ, ಕರೆಂಟು ಹೋಗಿ ಕೆಟ್ಟಿತು ಎಂದೆ. ಇನ್ನು ಈ ಕೆಲಸ ನನ್ನಿಂದಾಗದು ಎಂದು ಬಿಟ್ಟುಬಿಟ್ಟೆ. ಸರ್ ಬೇಸರದಿಂದ, ಆದಷ್ಟನ್ನು ಸಣ್ಣ ಲೇಖನ ಮಾಡಿ ನನ್ನ ಹೆಸರನ್ನೂ ಸೇರಿಸಿ ಕಳಿಸಿದರು. ಪ್ರಾಣಿಗಳು ಔಷಧವನ್ನು ಚೆನ್ನಾಗಿ ತಾಳಿಕೊಂಡವು ಎಂಬ ಸಾಲು ಅದರಲ್ಲಿದೆ. ಸರ್ ಈಗಿಲ್ಲ. ಆ ಸಾಲನ್ನು ನಂಬಿ ಎಲ್ಲೋ ಯಾರೋ ಇನ್ನೊಬ್ಬರ ತೋಳಿಗೆ ಸೂಜಿ ಇಟ್ಟರೇ ಎಂದು ನಾನು ಎಷ್ಟೋ ವರ್ಷ ಹೆದರಿ ಹುಡುಕಿದ್ದೇನೆ. ಸಿಕ್ಕಿಲ್ಲ. ಸಿಗದ ಮಾತ್ರಕ್ಕೆ ಆಗಿಲ್ಲ ಎಂದಲ್ಲ.

ಡಿಪ್ಲೊಮಾ ಹುಡುಗರಿಗೆ ಪಾಠ ಹೇಳುತ್ತ ಬದುಕು ಕಳೆದೆ. ಅಷ್ಟರಲ್ಲಿ ಬೇರೆ ಬೇರೆ ಕಡೆಯ ಜನ ಅಂಥದೇ ಹೊದಿಕೆಗಳನ್ನು ಮಾಡಿದರು. ಅವರ ಪ್ರಾಣಿಗಳೂ ಒದ್ದಾಡಿದವು. ಅವರು ಅದನ್ನು ಮುಚ್ಚಿಡದೆ ಬರೆದರು. ಬರೆದದ್ದರಿಂದ ಇನ್ನೊಬ್ಬರು ಕಲಿತರು. ಗಂಟೆಗಟ್ಟಲೆ ಹನಿಹನಿಯಾಗಿ ಬಿಡುವುದು, ಮೈ ಕೆರಳದಂತೆ ಮೊದಲೇ ಬೇರೆ ಔಷಧ ಕೊಡುವುದು, ಕೊಬ್ಬಿನ ಗುಣವನ್ನೇ ಬದಲಿಸುವುದು, ಕೊಬ್ಬೇ ಬೇಡವೆಂದು ಬೇರೆ ದಾರಿ ಹಿಡಿಯುವುದು. ಒಂದೊಂದನ್ನು ಓದಿದಾಗಲೂ ಆ ಬೂದು ಮೊಲದ ಸಾವಿಗೆ ಏನಾದರೂ ಅರ್ಥವಿದ್ದಿದ್ದರೆ ಅದು ಇದೇ ಆಗಿತ್ತಲ್ಲ ಎನಿಸುತ್ತಿತ್ತು. ಅದನ್ನು ನಾನು ಗಾಳಿಯ ಗುಳ್ಳೆ ಎಂದು ಮುಚ್ಚಿಬಿಟ್ಟಿದ್ದೆ.

ನೀವು ಭಯಪಟ್ಟ ಆ ಯಕೃತ್ತಿಗೆ ಏನೂ ಆಗಲಿಲ್ಲ. ಮುಂದೆ ಗುಳಿಗೆ ಬಂತು, ದಿನಕ್ಕೊಂದು ನುಂಗುತ್ತ ಇದ್ದೀರಿ. ಕಾಯಿಲೆ ಇದ್ದ ಕಡೆ ನೀವು ಆರೋಗ್ಯವಾಗಿದ್ದಿರಿ. ಇಲ್ಲದ ಕಾಯಿಲೆಗೆ ನಿಮ್ಮ ನಡುವಯಸ್ಸು ಪೂರ್ತಿ ಹೋಯಿತು.

ನಿಮ್ಮ ಫೋನ್ ಬಂದ ವಾರ ಹೇಳಿಬಿಡಬೇಕೆಂದೇ ಹರಿಹರಕ್ಕೆ ಬಂದೆ. ನೀವು ಬಾಗಿಲಲ್ಲೇ ನಿಂತು ಎದುರು ಮನೆಯವರನ್ನು ಕರೆದು, "ನಮ್ಮ ವನಜ ಈ ಔಷಧಾನ ಆಗ್ಲೇ ಮಾಡ್ತಿದ್ಲು ನೋಡ್ರಿ, ಯಾರಿಗೂ ಹೆಸರೇ ಗೊತ್ತಿರ್ಲಿಲ್ಲ" ಎಂದು ಹೆಮ್ಮೆಪಟ್ಟಿರಿ. ಅಕ್ಕ ಹೋಳಿಗೆ ಮಾಡಿದ್ದಳು. ಉಂಡು ಬಂದುಬಿಟ್ಟೆ. ಬಸ್ಸಿನಲ್ಲಿ ಕೂತ ಮೇಲೆ ಗೊತ್ತಾಯಿತು, ಬಾಯಿಂದ ನನಗೆ ಆಗುವುದಿಲ್ಲ ಎಂದು.

ಆದರೆ ನೀವು ಇಂಜೆಕ್ಷನ್ ತೆಗೆದುಕೊಳ್ಳುವ ಮೊದಲು ಡಾಕ್ಟರಿಗೆ ನಿಜ ಗೊತ್ತಿರಲೇಬೇಕು. ಇಂಥ ಔಷಧ ನಿಮ್ಮ ಮೈಗೆ ಹಿಂದೊಮ್ಮೆ ಹೋಗಿತ್ತು, ಆಗ ಹೀಗಾಗಿತ್ತು ಎಂದು. ಮೊನ್ನೆ ಪಿ.ಜೆ. ಬಡಾವಣೆಗೆ ಹೋಗಿ ಅವರ ಎದುರು ಕೂತು ಎಲ್ಲ ಹೇಳಿದೆ. ಹೆಸರು, ಊರು, ಯಾವುದನ್ನೂ ಮುಚ್ಚಿಡಲಿಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಕೋ ಮಾಡಿದಾಗೆಲ್ಲ ನನಗೂ ಅನ್ಸೋದು, ಅಟ್ಯಾಕ್ ಆಗಿದ್ದಕ್ಕೆ ಗುರುತೇ ಇಲ್ವಲ್ಲ ಅಂತ" ಎಂದರು. ಹೊಸ ಇಂಜೆಕ್ಷನ್ನಿಗೆ ಕೊಬ್ಬಿನ ಹೊದಿಕೆಯಿಲ್ಲ, ಎಳೆಗೆ ಸಕ್ಕರೆಯ ಜಾತಿಯ ಒಂದು ಕೊಂಡಿ ಸಿಕ್ಕಿಸಿರುತ್ತಾರೆ, ಯಕೃತ್ತು ಅದನ್ನು ಗುರುತಿಸಿ ಒಳಗೆ ಎಳೆದುಕೊಳ್ಳುತ್ತದೆ, ನಾಳಕ್ಕಲ್ಲ ಚರ್ಮದ ಕೆಳಗೆ ಕೊಡುವುದು, ತೊಂದರೆಯಾಗದು ಎಂದುಕೊಂಡಿದ್ದೇನೆ, ಆದರೂ ಹೃದಯವನ್ನು ಮತ್ತೆ ಪೂರ್ತಿ ಪರೀಕ್ಷಿಸಿ, ಅದು ಬೇಕೇ ಬೇಡವೇ ಎಂಬುದನ್ನೂ ಹೊಸದಾಗಿ ಯೋಚಿಸುತ್ತೇನೆ ಎಂದರು. ನಾನು ಏಳುವಾಗ ಕೇಳಿದರು: "ಅವ್ರಿಗೆ ಹೇಳೀರಾ?"

"ಇಲ್ಲ."

"ಮೊದ್ಲು ಹೇಳ್ರಿ. ನಾನು ಹೇಳೋ ಮಾತಲ್ಲ ಅದು."

ಹೇಳುತ್ತಿದ್ದೇನೆ ಭಾವ. ಇದನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ನಾನೇ ಬಂದು, ಅಕ್ಕ ಮತ್ತು ರೂಪಾ ಇಬ್ಬರನ್ನೂ ಕೂರಿಸಿ, ನಿಮ್ಮ ಮೂವರ ಎದುರು ಓದುತ್ತೇನೆ. ರೂಪಾಗೆ ಬರಲು ಹೇಳಿದ್ದೇನೆ, ಯಾಕೆಂದು ಹೇಳಿಲ್ಲ. ಅಕ್ಕನ ಮುಖ ನೋಡುವುದು ಹೇಗೋ ಗೊತ್ತಿಲ್ಲ. ಪೊಲೀಸರ ಭಯ, ಮಾನದ ಭಯ ಈಗ ಅಷ್ಟಿಲ್ಲ. ಅವಳು ನನ್ನನ್ನು ತಬ್ಬಿಕೊಂಡಿದ್ದ ಆ ಸಂಜೆಯನ್ನು ಅವಳಿಂದ ಕಸಿಯಬೇಕಲ್ಲ, ಈಗ ಅದೇ ಭಯ.

ಕ್ಷಮಿಸಿ ಎಂದು ಬರೆಯುವುದಿಲ್ಲ. ನೀವು ಒಳ್ಳೆಯವರು, ಕೇಳಿದ ಕೂಡಲೇ ಕೊಟ್ಟುಬಿಡುತ್ತೀರಿ, ಹಾಗೆ ಸಿಕ್ಕಿದ್ದರಿಂದ ನನಗೆ ಸಮಾಧಾನವೂ ಆಗಿಬಿಡುತ್ತದೆ. ಅದು ಬೇಡ. ಓದಿ ಮುಗಿಸಿದ ಮೇಲೆ ಹೋಗು ಎಂದರೆ ಹೋಗುತ್ತೇನೆ. ಇನ್ನು ಬರಬೇಡ ಎಂದರೆ ಬರುವುದಿಲ್ಲ. ಏನಾದರೂ ಕೇಳಬೇಕೆಂದರೆ ಎಷ್ಟು ಹೊತ್ತಾದರೂ ಕೂತಿರುತ್ತೇನೆ, ಕೇಳಿದ್ದಕ್ಕೆಲ್ಲ ಇದ್ದದ್ದು ಇದ್ದ ಹಾಗೆ ಉತ್ತರ ಕೊಡುತ್ತೇನೆ.